ಮೊದಲು ಎದುರುಗಾಳಿ, ಆಮೇಲೆ ಬೆನ್ನಗಾಳಿ: ಕಡಲ ಪಕ್ಕದ ಮಣ್ಣುದಾರಿಯಲ್ಲಿ ಸೈಕಲ್ ತುಳಿಯುವ ಬಗೆ

ನನ್ನ ಅಕ್ಕ ಸೈಕಲ್ ಮುಟ್ಟಿ 22 ವರ್ಷ ಆಗಿತ್ತು. ಅವಳನ್ನು ಮತ್ತೆ ಸೀಟಿನ ಮೇಲೆ ಕೂರಿಸಿದ ದಿನ ನಾನೊಂದು ತಪ್ಪು ಮಾಡಿದೆ. ಕಡಲ ಪಕ್ಕದ ಮಣ್ಣುದಾರಿ. ಹೋಗಿ ಬರೋಕೆ ಒಟ್ಟು 18 ಕಿಲೋಮೀಟರ್. ಏರು ಅನ್ನುವಂಥದ್ದು ಎಲ್ಲೂ ಇಲ್ಲ. ಇದಕ್ಕಿಂತ ಸುಲಭದ ದಾರಿ ಯಾವುದಿದೆ ಅಂದುಕೊಂಡು ಮಧ್ಯಾಹ್ನ ಹೊರಟೆವು. ಮೊದಲ 9 ಕಿಲೋಮೀಟರ್ ಹಾರಿಕೊಂಡು ಹೋದ ಹಾಗೆ ಹೋದೆವು. "ನೋಡೇ, ಕಾಲು ಏನನ್ನೂ ಮರೆತಿಲ್ಲ" ಅಂತ ಅಕ್ಕ ನಗುತ್ತಿದ್ದಳು. ಸೈಕಲ್ ತಿರುಗಿಸಿದ ಕೂಡಲೇ ಗೊತ್ತಾಯಿತು, ಅಲ್ಲಿವರೆಗೆ ನಮ್ಮನ್ನು ತಳ್ಳಿಕೊಂಡು ಬಂದದ್ದು ಗಾಳಿ. ವಾಪಸ್ ಬರೋಕೆ ಹತ್ತಿರ ಹತ್ತಿರ ಎರಡು ಪಟ್ಟು ಹೊತ್ತು ಹಿಡಿಯಿತು. ಕೊನೆಯ 3 ಕಿಲೋಮೀಟರ್ ಅವಳು ಸೈಕಲ್ ತಳ್ಳಿಕೊಂಡು ನಡೆದಳು. ಆಮೇಲೆ ಒಂದು ತಿಂಗಳು ಸೈಕಲ್ ಮಾತೇ ಎತ್ತಲಿಲ್ಲ.

ಈಗ ಅವಳು ನನಗಿಂತ ಮೊದಲೇ ಎದ್ದು ಟಯರಿಗೆ ಗಾಳಿ ಹೊಡೆದು ನಿಂತಿರುತ್ತಾಳೆ. ಅದೇ ದಾರಿ, ಅದೇ ಸೈಕಲ್. ಬದಲಾದದ್ದು ಹೊರಡುವ ಹೊತ್ತು, ಹೋಗುವ ದಿಕ್ಕು, ಇನ್ನೊಂದಷ್ಟು ಸಣ್ಣ ಸಣ್ಣ ಅಭ್ಯಾಸ. ಹೊಸದಾಗಿ ಕಡಲ ದಾರಿಗೆ ಇಳಿಯುವವರಿಗಾಗಿ, ಬಹಳ ದಿನದ ಮೇಲೆ ಸೈಕಲ್ ಹತ್ತುವವರಿಗಾಗಿ ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಗಾಳಿ ನೋಡಿ ದಿಕ್ಕು ಹಿಡಿಯಿರಿ

ಗುಡ್ಡದ ದಾರಿಯಲ್ಲಿ ಏರು ಕಣ್ಣಿಗೆ ಕಾಣುತ್ತದೆ. ಕಡಲ ದಾರಿಯಲ್ಲಿ ಏರು ಗಾಳಿಯಲ್ಲಿರುತ್ತದೆ, ಕಾಣುವುದಿಲ್ಲ. ಲೆಕ್ಕ ಸುಲಭ. ನೀವು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ತುಳಿಯುತ್ತಿದ್ದೀರಿ, ಎದುರಿಗೆ ಅಷ್ಟೇ ವೇಗದ ಗಾಳಿ ಬೀಸುತ್ತಿದೆ ಅಂದುಕೊಳ್ಳಿ. ಮೈಗೆ ಬಡಿಯುವ ಗಾಳಿ 30 ಕಿಲೋಮೀಟರ್ ವೇಗದ್ದು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದೇ ಗಾಳಿ ಬೆನ್ನ ಹಿಂದಿದ್ದರೆ ನಿಮ್ಮ ಸುತ್ತ ಗಾಳಿ ನಿಂತೇ ಹೋದ ಹಾಗೆ ಇರುತ್ತದೆ, ತಡೆಯೇ ಇಲ್ಲ. ಬೆನ್ನಗಾಳಿ ಇದೆ ಅಂತ ಗೊತ್ತಾಗದೇ ಹೋಗೋದು ಅದಕ್ಕೇ. ಅವತ್ತು ನಮಗೂ ಗೊತ್ತಾಗಲಿಲ್ಲ.

ನಾನು ಈಗ ಕಿವಿಯಿಂದ ಅಳೆಯುತ್ತೇನೆ. ತುಳಿಯುವಾಗ ಕಿವಿಯಲ್ಲಿ ಬುರ್ರ್ ಅಂತ ಸದ್ದಿದ್ದರೆ ಎದುರುಗಾಳಿ. ಚೈನಿನ ಕಿಟಿಕಿಟಿ, ಟಯರಿನ ಕೆಳಗೆ ಮರಳು ಅರೆಯುವ ಸದ್ದು ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಾ, ಕೆನ್ನೆಗೆ ಗಾಳಿಯೇ ತಾಗದಿದ್ದರೆ ಬೆನ್ನಗಾಳಿ. ಹೊರಟ ಐದು ನಿಮಿಷದಲ್ಲಿ ಹಾಗನ್ನಿಸಿದರೆ ಸೈಕಲ್ ತಿರುಗಿಸಿ, ದಾರಿಯ ಇನ್ನೊಂದು ದಿಕ್ಕಿಗೆ ಹೋಗಿ. ಕಾಲಲ್ಲಿ ಶಕ್ತಿ ಇರುವಾಗಲೇ ಎದುರುಗಾಳಿ ಮುಗಿಸಿಬಿಡಬೇಕು. ದಣಿದ ಮೇಲೆ ಗಾಳಿ ಬೆನ್ನ ಮೇಲೆ ಕೈಯಿಟ್ಟು ಮನೆಗೆ ಕರೆತರಬೇಕು.

ಗಾಳಿ ಎಷ್ಟಿದೆ ಅನ್ನೋದನ್ನ ನೀರೇ ಹೇಳುತ್ತದೆ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ಗಾಳಿಗೆ ಅಂಕ ಕೊಡುವ ಒಂದು ಪಟ್ಟಿ ಮಾಡಿದರು. ಹವಾಮಾನದವರು ಅದನ್ನು ಇವತ್ತಿಗೂ ಬಳಸುತ್ತಾರೆ. ಅದರಲ್ಲಿ 3 ಅಂದರೆ ಗಂಟೆಗೆ 12ರಿಂದ 19 ಕಿಲೋಮೀಟರ್. ಎಲೆಗಳು, ಸಣ್ಣ ಕಡ್ಡಿಗಳು ಬಿಡದೆ ಅಲುಗುತ್ತಿರುತ್ತವೆ, ಕಡಲಲ್ಲಿ ಅಲ್ಲೊಂದು ಇಲ್ಲೊಂದು ಅಲೆಯ ತುದಿ ಬೆಳ್ಳಗೆ ಒಡೆಯುತ್ತದೆ. 4 ಅಂದರೆ 20ರಿಂದ 28. ಧೂಳು ಏಳುತ್ತದೆ, ಸಣ್ಣ ಕೊಂಬೆ ಆಡುತ್ತದೆ, ಬಿಳಿ ನೊರೆ ಜಾಸ್ತಿ ಕಡೆ ಕಾಣುತ್ತದೆ. 5ರಲ್ಲಿ ಸಣ್ಣ ಮರಗಳೇ ತೂಗುತ್ತವೆ, ಕಡಲ ತುಂಬ ನೊರೆ. ಅಕ್ಕನ ಜೊತೆ ಹೊರಟಾಗ ನನ್ನ ಮಿತಿ 3. ದೂರದ ನೀರಿನಲ್ಲಿ ಎಲ್ಲಿ ನೋಡಿದರೂ ಬಿಳಿ ಚುಕ್ಕೆ ಕಂಡರೆ ಆ ದಿನ ನಡೆದುಕೊಂಡೇ ಹೋಗುತ್ತೇವೆ.

ಹೊರಡೋದು ಬೆಳಗ್ಗೆ. ಬಿಸಿಲೇರಿದ ಹಾಗೆ ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಸಾಮಾನ್ಯವಾಗಿ ಇದು ಶುರುವಾಗೋದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಜೋರಾಗೋದು ಮಧ್ಯಾಹ್ನದ ಮೇಲೆ. ನಾವು ಮೊದಲ ಸಲ ಹೊರಟ ಹೊತ್ತು ಅದೇ. ಸೂರ್ಯ ಹುಟ್ಟಿ ಅರ್ಧ ಗಂಟೆಗೆ ಹೊರಟರೆ 18 ಕಿಲೋಮೀಟರ್ ಮುಗಿಸಿ, ಮೂರು ಕಡೆ ಕೂತು, ಗಾಳಿ ಏಳುವ ಮೊದಲೇ ವಾಪಸ್ ಬರಬಹುದು.

ಅಡ್ಡಗಾಳಿಯ ಬಗ್ಗೆ ಒಂದೇ ಮಾತು. ದಾರಿ ಪೊದೆಯ ಮರೆಯಿಂದ ಬಯಲಿಗೆ ಬರುವ ಜಾಗದಲ್ಲಿ ಗಾಳಿ ಒಮ್ಮೆಲೇ ದೂಡುತ್ತದೆ. ಅಲ್ಲಿ ಅಂಚಿಗೆ ಹತ್ತಿರ ಇರಬೇಡಿ, ಪಕ್ಕಪಕ್ಕದಲ್ಲಿ ತುಳಿಯಬೇಡಿ.

ನೀರು ಎಷ್ಟೊತ್ತಿಗೆ ಬರುತ್ತದೆ

ಕಡಲ ಪಕ್ಕದ ಬಹಳಷ್ಟು ದಾರಿಗಳಲ್ಲಿ ಒಂದಾದರೂ ತಗ್ಗು ಜಾಗ ಇರುತ್ತದೆ. ಒಂದು ಹಳ್ಳದ ಬಾಯಿ, ಕಲ್ಲುಹಾಸು, ಮರಳಿನ ಮೇಲೆ ಹಾದುಹೋಗುವ ಒಂದಿನ್ನೂರು ಮೀಟರ್. ಇಳಿತದಲ್ಲಿ ಅದು ದಾರಿ, ಉಬ್ಬರದಲ್ಲಿ ಕಡಲು. ಹೋಗುವಾಗ ಒಣಗಿದ್ದ ಜಾಗ ಬರುವಾಗ ಮೊಣಕಾಲುದ್ದ ನೀರಾಗಿರಬಹುದು.

ಬಹುತೇಕ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಗ್ಗೆ 7ಕ್ಕೆ ನೀರು ಏರಿದ್ದರೆ ನಾಳೆ ಬೆಳಗ್ಗೆ ಸುಮಾರು 7.50ಕ್ಕೆ. ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗುತ್ತದೆ. "ಹೋದ ಭಾನುವಾರ ಇದೇ ಹೊತ್ತಿಗೆ ಬಂದಿದ್ದೆವು, ಏನೂ ಇರಲಿಲ್ಲ" ಅನ್ನುವ ಧೈರ್ಯ ಕೆಲಸಕ್ಕೆ ಬರೋದಿಲ್ಲ. ಒಂದು ವಾರದಲ್ಲಿ ಇಳಿತದ ಹೊತ್ತಿಗೆ ಉಬ್ಬರ ಬಂದು ಕೂತಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಮಾಮೂಲಿಗಿಂತ ಮೇಲಕ್ಕೆ ಬರುತ್ತದೆ, ಮಾಮೂಲಿಗಿಂತ ಕೆಳಕ್ಕೂ ಇಳಿಯುತ್ತದೆ.

ನೀರು ಒಂದೇ ಸಮನೆ ಏರುವುದಿಲ್ಲ ಅನ್ನೋದನ್ನ ಮುಖ್ಯವಾಗಿ ನೆನಪಿಡಿ. ದೋಣಿಯವರ ಹಳೆಯ ಲೆಕ್ಕ ಒಂದಿದೆ. ಆರು ಗಂಟೆಯಲ್ಲಿ ಒಟ್ಟು ಏರುವ ನೀರನ್ನು 12 ಪಾಲು ಮಾಡಿ. ಮೊದಲ ಗಂಟೆ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3 ಪಾಲು, ಆಮೇಲೆ 2, ಕೊನೆಗೆ 1. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಇಳಿತ ಆಗಿ ಒಂದು ಗಂಟೆಯಾದರೂ ನೀರು ಅಲ್ಲೇ ಇದೆಯಲ್ಲ ಅಂತ ಕೂತವರನ್ನು ಮೂರನೇ ಗಂಟೆ ಅಟ್ಟಿಸಿಕೊಂಡು ಬರುತ್ತದೆ. ನಾನು ತಗ್ಗು ಜಾಗವನ್ನು ಇಳಿತಕ್ಕೆ ಒಂದು ಗಂಟೆ ಮುಂಚೆ ಒಮ್ಮೆ, ಇಳಿತ ಆಗಿ ಒಂದು ಗಂಟೆಯೊಳಗೆ ಇನ್ನೊಮ್ಮೆ ದಾಟುವ ಹಾಗೆ ಲೆಕ್ಕ ಹಾಕುತ್ತೇನೆ. ಅಷ್ಟು ಹೊತ್ತು ಸಾಲದಿದ್ದರೆ ತಗ್ಗಿನ ಈಚೆಯಿಂದಲೇ ತಿರುಗುತ್ತೇವೆ.

ಊರೂರಿಗೆ ಇದು ಬೇರೆ ಬೇರೆ. ಮೆಡಿಟರೇನಿಯನ್ ತೀರದಲ್ಲಿ ಹೆಚ್ಚಿನ ಕಡೆ ಏರಿಳಿತ ಒಂದೆರಡು ಗೇಣು ಇದ್ದರೆ ಹೆಚ್ಚು. ಕೆನಡಾದ ಬೇ ಆಫ್ ಫಂಡಿಯಲ್ಲಿ 16 ಮೀಟರ್‌ವರೆಗೂ ಹೋಗುತ್ತದೆ. ನೀವು ಹೋಗುವ ತೀರದ ಉಬ್ಬರ ಇಳಿತದ ಪಟ್ಟಿಯನ್ನೇ ನೋಡಿ, ಪಕ್ಕದ ಬಂದರಿನದಲ್ಲ.

ಸೈಕಲ್‌ನಲ್ಲಿ ಏನು ಸರಿಮಾಡಬೇಕು

ಹೊಸ ಸೈಕಲ್ ಬೇಕಿಲ್ಲ. ತೆಳ್ಳಗಿನ ರೇಸ್ ಟಯರು ಮಾತ್ರ ಬೇಡ, 40 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಸುಖ. ನನ್ನದು 47. ನನ್ನ ತೂಕ 62 ಕಿಲೋ. ಟಾರು ರಸ್ತೆಗೆ 45 ಪಿಎಸ್‌ಐ (ಟಯರಿನೊಳಗಿನ ಗಾಳಿಯ ಒತ್ತಡದ ಅಳತೆ) ಗಾಳಿ ಹೊಡೆಯುತ್ತೇನೆ, ಈ ದಾರಿಗೆ 32ಕ್ಕೆ ಇಳಿಸುತ್ತೇನೆ. ಹೆಬ್ಬೆರಳಲ್ಲಿ ಜೋರಾಗಿ ಒತ್ತಿದರೆ ಟಯರು ಸ್ವಲ್ಪ ಬಗ್ಗಬೇಕು. ಗಾಳಿ ಕಮ್ಮಿ ಇದ್ದರೆ ಟಯರು ಅಗಲವಾಗಿ ನೆಲ ಹಿಡಿಯುತ್ತದೆ, ಮರಳಲ್ಲಿ ಹೂಳುವುದಿಲ್ಲ, ಜಲ್ಲಿಯ ಮೇಲೆ ಕೈ ನಡುಗುವುದಿಲ್ಲ. ಆದರೆ ಟಯರಿನ ಪಕ್ಕದಲ್ಲಿ ಬರೆದಿರುವ ಕನಿಷ್ಠಕ್ಕಿಂತ ಕೆಳಗೆ ಹೋಗಬೇಡಿ. ತೀರಾ ಕಮ್ಮಿಯಾದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಂಕ್ಚರ್ ಆಗುತ್ತದೆ. ಬಿಚ್ಚಿ ನೋಡಿದರೆ ಪಕ್ಕಪಕ್ಕದಲ್ಲಿ ಎರಡು ಸೀಳು, ಹಾವು ಕಚ್ಚಿದ ಗುರುತಿನ ಹಾಗೆ. ಅದನ್ನು ಕಂಡರೆ ಮುಂದಿನ ಸಲ 4–5 ಪಿಎಸ್‌ಐ ಜಾಸ್ತಿ ಹೊಡೆಯಿರಿ.

ಬಹಳ ದಿನದ ಮೇಲೆ ಹತ್ತುವವರಿಗೆ ಸೀಟನ್ನು ಎರಡು ಬೆರಳಷ್ಟು ಕೆಳಗಿಳಿಸಿ ಕೊಡಿ. ಕೂತಲ್ಲೇ ಎರಡೂ ಕಾಲಿನ ಮುಂಗಾಲು ನೆಲಕ್ಕೆ ತಾಗಬೇಕು. ತುಳಿಯೋಕೆ ಇದು ಸರಿಯಾದ ಎತ್ತರ ಅಲ್ಲ, ನಿಜ. ಆದರೆ ಭಯ ಹೋಗೋಕೆ ಸರಿಯಾದ ಎತ್ತರ. ಅಕ್ಕನ ಸೀಟು ನಾಲ್ಕು ಸವಾರಿ ಆದ ಮೇಲೆ ತಾನಾಗೇ ಮೇಲೇರಿತು, ಅವಳೇ ಏರಿಸಿಕೊಂಡಳು.

ಜೊತೆಗೆ ಪಂಪು, ಒಂದು ಟ್ಯೂಬು, ಟಯರು ಬಿಚ್ಚುವ ಕಡ್ಡಿ. ಅಷ್ಟು ಸಾಕು.

ಮರಳು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೀಳೋದು ಇಲ್ಲೇ, ಕಲಿತರೆ ಖುಷಿ ಕೊಡೋದೂ ಇಲ್ಲೇ.

ಗಟ್ಟಿ ಮಣ್ಣಿನ ದಾರಿಗೆ ಅಡ್ಡಲಾಗಿ ಗಾಳಿ ಮರಳು ತಂದು ಹಾಕಿರುತ್ತದೆ. ಮೂರು ಮೀಟರ್, ಐದು ಮೀಟರ್ ಉದ್ದದ ನಾಲಿಗೆಯ ಹಾಗೆ. ಮೊದಲು ಬಣ್ಣ ನೋಡಿ. ಗಾಢ ಬಣ್ಣ ಇದ್ದರೆ ಒದ್ದೆ, ಗಟ್ಟಿ, ಸಲೀಸಾಗಿ ಹೋಗಬಹುದು. ಹರಳುಗಳ ನಡುವೆ ಇರುವ ಚೂರು ನೀರು ಒಂದನ್ನೊಂದು ಎಳೆದು ಹಿಡಿದಿರುತ್ತದೆ. ಮಕ್ಕಳು ಗುಬ್ಬಿಗೂಡು ಕಟ್ಟೋಕೆ ಒದ್ದೆ ಮರಳೇ ಬೇಕು ಅನ್ನೋದೂ ಅದಕ್ಕೇ ಅಲ್ವಾ? ತಿಳಿ ಬಣ್ಣ, ಮೇಲೆ ಸಣ್ಣ ಸಣ್ಣ ಅಲೆಯ ಗೆರೆ ಇದ್ದರೆ ಅದು ಒಣಮರಳು, ಚಕ್ರ ಹೂಳುತ್ತದೆ.

ಒಣಮರಳು ಬರುವ ಮೊದಲೇ ಗೇರನ್ನು ಹಗುರ ಮಾಡಿ. ಒಳಗೆ ಹೋದ ಮೇಲೆ ಗೇರು ಬದಲಿಸೋಕೆ ಹೋದರೆ ಚೈನು ಕಟಕಟ ಅಂದು ನಿಲ್ಲುತ್ತದೆ. ಸೀಟಿನ ಮೇಲೆ ಸ್ವಲ್ಪ ಹಿಂದಕ್ಕೆ ಸರಿದು ಕೂರಿ, ಮುಂದಿನ ಚಕ್ರದ ಮೇಲಿನ ಭಾರ ಇಳಿಯಲಿ. ಬ್ರೇಕು ಮುಟ್ಟಬೇಡಿ. ಹ್ಯಾಂಡಲ್ ತಿರುಗಿಸಬೇಡಿ. ತುಳಿಯೋದನ್ನ ನಿಲ್ಲಿಸಬೇಡಿ, ಒಂದೇ ಸಮನೆ ತುಳಿಯಿರಿ. ಕಣ್ಣು ಚಕ್ರದ ಮೇಲೆ ಬೇಡ, ಮರಳು ಮುಗಿಯುವ ಆಚೆ ದಡದ ಮೇಲಿರಲಿ.

ಮುಂದಿನ ಚಕ್ರ ಆ ಕಡೆ ಈ ಕಡೆ ಹೊಯ್ದಾಡುತ್ತದೆ. ಆಡಲಿ ಬಿಡಿ. ಅಕ್ಕ ಮೊದಲ ಸಲ ಹೆದರಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಳು, ಬೆರಳ ಗೆಣ್ಣು ಬಿಳಿಚಿಕೊಂಡದ್ದು ನನಗೆ ಹಿಂದಿನಿಂದಲೇ ಕಾಣುತ್ತಿತ್ತು. ಚಕ್ರ ಸಿಕ್ಕಿಕೊಂಡು ಪಕ್ಕಕ್ಕೆ ಮಗುಚಿದಳು. ಮೆತ್ತಗಿನ ಮರಳು, ಏಟೇನೂ ಆಗಲಿಲ್ಲ. ಎರಡನೇ ಸಲ ಹೇಳಿದೆ, "ಅಕ್ಕ, ಹಿಡ್ಕೋಬೇಡ. ಸುಮ್ನೆ ಮುಟ್ಟಿರು." ಮೂರು ಸಲ ಓಲಾಡಿ ಆಚೆ ಹೋದಳು. ಇಳಿದು, ಸೈಕಲ್ ತಿರುಗಿಸಿ, ಅದೇ ಮರಳನ್ನು ಮತ್ತೆ ನಾಲ್ಕು ಸಲ ದಾಟಿದಳು.

ಹತ್ತು ಹದಿನೈದು ಮೀಟರ್‌ಗಿಂತ ಉದ್ದ ಇದ್ದರೆ ಇಳಿದು ತಳ್ಳಿ. ಶಕ್ತಿಯೂ ಉಳಿಯುತ್ತದೆ, ಕಾಲಿನ ಕೆಳಗೆ ಮರಳು ಕಿರುಗುಟ್ಟೋದೂ ಕೇಳಿಸುತ್ತದೆ. ಮರಳನ್ನು ತಪ್ಪಿಸೋಕೆ ಅಂತ ದಾರಿ ಬಿಟ್ಟು ಪಕ್ಕದ ಗಿಡಗಳ ಮೇಲೆ ಮಾತ್ರ ಹೋಗಬೇಡಿ. ಬಿಸಿ ದೇಶಗಳ ತೀರದಲ್ಲಾದರೆ ಆಡಿನ ಗೊರಸಿನ ಆಕಾರದ ಎಲೆಯ, ನೇರಳೆ ಹೂವಿನ ಬಳ್ಳಿ ಇರುತ್ತದೆ, ತಂಪು ದೇಶಗಳಲ್ಲಾದರೆ ಉದ್ದ ಹುಲ್ಲು. ದಾರಿಯ ಪಕ್ಕದ ಮರಳ ದಿಬ್ಬಗಳು ನಿಂತಿರೋದೇ ಅವುಗಳ ಬೇರು, ಬಳ್ಳಿಯ ಹಿಡಿತದಲ್ಲಿ. ಚಕ್ರ ಹಾದ ಜಾಗದಲ್ಲಿ ಬೇರು ಹರಿದರೆ ಗಾಳಿ ಅಲ್ಲಿಂದಲೇ ಮರಳು ಕೆರೆಯಲು ಶುರುಮಾಡುತ್ತದೆ. ಒಂದು ಗೆರೆ ಹೊಂಡವಾಗುತ್ತದೆ.

ರೆಕ್ಕೆ ಎಳೆದುಕೊಂಡು ಓಡಿದ ಹಕ್ಕಿ

ದಾರಿ ಬಿಡಬಾರದು ಅನ್ನೋಕೆ ಇನ್ನೊಂದು ಕಾರಣವಿದೆ. ಅದನ್ನು ಕಣ್ಣಾರೆ ಕಂಡ ಮೇಲೆ ನಾನು ಒಂದು ಸಲವೂ ದಾರಿ ಬಿಟ್ಟಿಲ್ಲ.

ಒಂದು ಬೆಳಗ್ಗೆ ಮುಷ್ಟಿಯಷ್ಟಿದ್ದ ಮರಳು ಬಣ್ಣದ ಹಕ್ಕಿಯೊಂದು ಚಕ್ರದ ಮುಂದೆಯೇ ಓಡಿತು. ಒಂದು ರೆಕ್ಕೆ ನೆಲಕ್ಕೆ ಎಳೆಯುತ್ತಿತ್ತು. ಪಾಪ, ಮುರಿದಿದೆ ಅಂದುಕೊಂಡು ಸೈಕಲ್ ನಿಲ್ಲಿಸಿದೆ. ನಾನು ಒಂದು ಹೆಜ್ಜೆ ಇಟ್ಟರೆ ಅದು ನಾಲ್ಕು ಹೆಜ್ಜೆ ಓಡುತ್ತದೆ, ನಿಂತು ತಿರುಗಿ ನೋಡುತ್ತದೆ, ಮತ್ತೆ ರೆಕ್ಕೆ ಎಳೆಯುತ್ತದೆ. ಹೀಗೆ ಹತ್ತು ಹನ್ನೆರಡು ಮೀಟರ್ ಕರೆದುಕೊಂಡು ಹೋಗಿ ಪುರ್ರ್ ಅಂತ ಹಾರಿತು. ಎರಡೂ ರೆಕ್ಕೆ ಗಟ್ಟಿ. ವಾಪಸ್ ಬಂದು ಸೈಕಲ್ ಎತ್ತುವಾಗ ಕಂಡಿತು. ದಾರಿಯಿಂದ ಎರಡು ಮೀಟರ್ ಆಚೆ, ಅಂಗೈ ಅಗಲದ ಒಂದು ತಗ್ಗು. ಅದರಲ್ಲಿ ಮೂರು ಮೊಟ್ಟೆ. ಮರಳಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಗೂಡು ಅನ್ನೋಕೆ ಒಂದು ಕಡ್ಡಿಯೂ ಇಲ್ಲ. ಚಕ್ರ ಹಾದಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ.

ಪ್ಲೋವರ್ ಜಾತಿಯ ಹಕ್ಕಿಗಳು ಹೀಗೆ ಮಾಡುತ್ತವೆ. ರೆಕ್ಕೆ ಮುರಿದ ಹಾಗೆ ನಟಿಸಿ ಶತ್ರುವನ್ನು ಮೊಟ್ಟೆಯಿಂದ ದೂರ ಸೆಳೆಯುತ್ತವೆ. ನಿಮಗೂ ಹೀಗೆ ಕಂಡರೆ ಹುಡುಕಬೇಡಿ, ನಿಂತು ಫೋಟೋ ತೆಗೆಯಬೇಡಿ. ಬಿಸಿಲಿನಲ್ಲಿ ತಾಯಿ ಹಕ್ಕಿ ಬಹಳ ಹೊತ್ತು ದೂರ ಉಳಿದರೆ ಮೊಟ್ಟೆ ಕಾದು ಹಾಳಾಗುತ್ತದೆ. ದಾರಿಯ ಮೇಲೇ ಸೀದಾ ಮುಂದೆ ಹೋಗಿಬಿಡಿ. ನಾನು ಅವತ್ತು ಹಿಂದೆ ಹೋದದ್ದು ತಪ್ಪು. ಗೂಡಿನ ಕಾಲದಲ್ಲಿ ಹಗ್ಗ ಕಟ್ಟಿ ಫಲಕ ಹಾಕಿದ್ದರೆ ದಯವಿಟ್ಟು ಪಾಲಿಸಿ.

ಹಲಗೆ ಸೇತುವೆ, ನಡೆಯುವವರು, ಬಿಸಿಲು

ಜೌಗಿನ ಮೇಲೆ ಹಾಸಿದ ಮರದ ಹಲಗೆ ಬೆಳಗ್ಗೆ ಇಬ್ಬನಿಯಲ್ಲಿ ಸಾಬೂನಿನಷ್ಟು ಜಾರುತ್ತದೆ. ಹಸಿರು ಪಾಚಿ ಕಂಡರಂತೂ ಇನ್ನೂ ಜಾಸ್ತಿ. ಹಲಗೆ ಹತ್ತುವ ಮೊದಲೇ ವೇಗ ಇಳಿಸಿ, ಮೇಲೆ ಬ್ರೇಕು ಹಿಡಿಯಬೇಡಿ. ಹಲಗೆಗಳು ನೀವು ಹೋಗುವ ದಿಕ್ಕಿಗೇ ಉದ್ದುದ್ದ ಹಾಸಿದ್ದರೆ ಸಂದಿನಲ್ಲಿ ಚಕ್ರ ಸಿಕ್ಕೀತು, ಇಳಿದು ತಳ್ಳೋದೇ ಮೇಲು.

ಇಂಥ ದಾರಿಯಲ್ಲಿ ನಡೆಯುವವರದ್ದೇ ಮೊದಲ ಹಕ್ಕು. ಎದುರುಗಾಳಿ ಇರುವಾಗ ನಿಮ್ಮ ಬೆಲ್ಲಿನ ಸದ್ದು ಮುಂದೆ ಹೋಗುವವರಿಗೆ ಸರಿಯಾಗಿ ತಲುಪುವುದಿಲ್ಲ. ಅವರು ಪಕ್ಕಕ್ಕೆ ಸರಿಯಲಿಲ್ಲ ಅಂತ ಸಿಟ್ಟಾಗಬೇಡಿ, ಕೇಳಿಸಿರುವುದಿಲ್ಲ. ನಡಿಗೆಯ ವೇಗಕ್ಕೆ ಇಳಿದು ಬಾಯಿಂದಲೇ ಹೇಳಿ. ನಾಯಿ ಜೊತೆಗಿದ್ದರೆ ಹಗ್ಗ ದಾರಿಗೆ ಅಡ್ಡ ಇದೆಯಾ ನೋಡಿ.

ಬಿಸಿಲು ಇಲ್ಲಿ ಗೊತ್ತಾಗದೆ ಸುಡುತ್ತದೆ. ಗಾಳಿ ಬೆವರನ್ನು ಆರಿಸುತ್ತಲೇ ಇರುತ್ತದೆ, ತಂಪಾಗಿದೆ ಅನ್ನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಒಣಮರಳು ನೇರಳಾತೀತ ಕಿರಣದಲ್ಲಿ ಸುಮಾರು 15 ಶೇಕಡಾ ಮೇಲಕ್ಕೆ ವಾಪಸ್ ಕಳಿಸುತ್ತದೆ. ಅಂದರೆ ಟೋಪಿಯ ಕೆಳಗಿನ ಗಲ್ಲಕ್ಕೂ ಬಿಸಿಲು. ತುಂಬುತೋಳಿನ ಅಂಗಿ ಹಾಕಿ, ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕದಲ್ಲಿ ಇಟ್ಟುಕೊಳ್ಳಿ, ಬಾಯಾರುವ ಮೊದಲೇ ಎರಡೆರಡು ಗುಟುಕು ಕುಡಿಯಿರಿ.

ವೇಗ 12 ಕಿಲೋಮೀಟರ್ ಸಾಕು. ಮಾತಾಡುತ್ತಾ ತುಳಿಯೋಕೆ ಆಗಬೇಕು, ಉಸಿರು ತುಂಡಾದರೆ ಗೇರು ಇಳಿಸಿ. ನಮ್ಮ ದಾರಿಯಲ್ಲಿ ಒಂದು ಕಡೆ ಬಂಡೆಯ ನೆತ್ತಿಗೆ ಕಾಲುದಾರಿ ಹೋಗುತ್ತದೆ. ಸೈಕಲ್ ಕೆಳಗೆ ಒರಗಿಸಿ ಹತ್ತುತ್ತೇವೆ. ನೀರಿನ ಅಂಚಿನಲ್ಲಿ ನಿಂತಾಗ ನನ್ನ ಕಣ್ಣಿಗೆ ಕಾಣುವ ಕಡಲು ಬರೀ ನಾಲ್ಕೂವರೆ ಕಿಲೋಮೀಟರ್‌ವರೆಗೆ, ಆಮೇಲೆ ಭೂಮಿ ಬಾಗುತ್ತದೆ. 30 ಮೀಟರ್ ಎತ್ತರಕ್ಕೆ ಹತ್ತಿದರೆ ಹತ್ತಿರ ಹತ್ತಿರ 20 ಕಿಲೋಮೀಟರ್. ಕೆಳಗಿನಿಂದ ಬರೀ ತುದಿ ಕಾಣುತ್ತಿದ್ದ ದೋಣಿ ಮೇಲಿಂದ ಪೂರ್ತಿ ಕಾಣುತ್ತದೆ. ಅಲ್ಲಿ ಅಕ್ಕ ಎಷ್ಟು ಹೊತ್ತು ಕೂತರೂ ನಾನು ಅವಸರ ಮಾಡುವುದಿಲ್ಲ.

ಬಂದ ಮೇಲೆ

ಕಡಲ ನೀರಿನಲ್ಲಿ ಸುಮಾರು 3.5 ಶೇಕಡಾ ಉಪ್ಪು. ನೀವು ನೀರಿಗೆ ಇಳಿಯದಿದ್ದರೂ ಗಾಳಿಯಲ್ಲಿ ತೇಲಿ ಬಂದ ಉಪ್ಪು ಸೈಕಲ್ ಮೇಲೆ ಕೂತಿರುತ್ತದೆ. ಕಬ್ಬಿಣದ ಕೊಳವೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ತಾಗಿಸಿ ನೋಡಿ, ಗೊತ್ತಾಗುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಒಣಗಿದ ಹಾಗೆ ಕಂಡ ಸೈಕಲ್ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಒಮ್ಮೆ ಬಾಡಿಗೆಗೆ ತಂದ ಸೈಕಲ್‌ನ ಸೀಟು ಅಕ್ಕನಿಗಾಗಿ ಇಳಿಸೋಕೆ ಹೋದರೆ ಅಲುಗಲೇ ಇಲ್ಲ. ಕಬ್ಬಿಣದ ಚೌಕಟ್ಟು, ಅಲ್ಯೂಮಿನಿಯಂ ಸೀಟುಕಂಬ. ಎರಡು ಬೇರೆ ಲೋಹದ ನಡುವೆ ಉಪ್ಪುನೀರು ಕೂತು ಬೆಸುಗೆ ಹಾಕಿದ ಹಾಗೆ ಹಿಡಿದುಬಿಟ್ಟಿತ್ತು. ಅವತ್ತಿನ ಸವಾರಿ ಅಲ್ಲಿಗೇ ನಿಂತಿತು. ವರ್ಷಕ್ಕೆ ಎರಡು ಸಲ ಸೀಟುಕಂಬ ಎತ್ತಿ, ಒರೆಸಿ, ಗ್ರೀಸ್ ಹಚ್ಚಿ ಇಳಿಸಿದರೆ ಹೀಗಾಗುವುದಿಲ್ಲ.

ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ. ಬಕೆಟ್ಟು, ಚೊಂಬು, ಹಳೆಯ ಬಟ್ಟೆ ಸಾಕು. ಜೋರಾಗಿ ಹಾರುವ ಪೈಪಿನ ನೀರನ್ನು ಚಕ್ರದ ನಡುಭಾಗಕ್ಕೆ, ಪೆಡಲಿನ ಬುಡಕ್ಕೆ ಹಿಡಿಯಬೇಡಿ, ಬೇರಿಂಗಿನ ಗ್ರೀಸ್ ಕಿತ್ತುಹೋಗಿ ನೀರು ಒಳಗೆ ಸೇರುತ್ತದೆ. ಸಂದುಗೊಂದಿನ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯಿರಿ. ಬ್ರೇಕಿನ ರಬ್ಬರನ್ನು ಮರೆಯಬೇಡಿ, ಅದರಲ್ಲಿ ಕಚ್ಚಿದ ಒಂದು ಹರಳು ರಿಮ್ಮನ್ನು ಸುತ್ತಲೂ ಗೀರುತ್ತದೆ.

ಚೈನು ಪೂರ್ತಿ ಒಣಗಿದ ಮೇಲೆ ಎಣ್ಣೆ. ನಮ್ಮಲ್ಲಿ ಅಕ್ಕ ಪೆಡಲನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸುತ್ತಾಳೆ, ನಾನು ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಡುತ್ತೇನೆ. ನೂರಾ ಹತ್ತರಷ್ಟು ಕೊಂಡಿ, ಐದು ನಿಮಿಷದ ಕೆಲಸ. ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಎಣ್ಣೆ ಬೇಕಿರೋದು ಕೊಂಡಿಯ ಒಳಗೆ. ಹೊರಗೆ ಉಳಿದರೆ ಮುಂದಿನ ಸವಾರಿಯಲ್ಲಿ ಮರಳು ಬಂದು ಅಂಟಿ ಚೈನನ್ನು ಅರೆಯುತ್ತದೆ. ಬಟ್ಟೆಯಲ್ಲಿ ಕಪ್ಪು ಬರೋದು ನಿಂತಾಗ ಸಾಕು.